ಅಡಮಾನ ಸಾಲದ ಒಪ್ಪಂದ: ಸಹಿಗೆ ಮುನ್ನ

ಪ್ರಶ್ನೆ: ವಾಣಿಜ್ಯ ಕಟ್ಟಡವನ್ನು ಅಡಮಾನವಿಟ್ಟು ಪಡೆದ ಸಾಲದ ಕಂತುಗಳು ತಪ್ಪಿವೆ. ವಸೂಲಿ ಕ್ರಮವನ್ನು 6 ತಿಂಗಳು ತಡೆಹಿಡಿಯುವ ಒಪ್ಪಂದದ ಕರಡನ್ನು ಸಾಲದಾತರು ಕಳುಹಿಸಿದ್ದಾರೆ. ಸಹಿ ಹಾಕಬಹುದೇ?

ಉತ್ತರ: ಅವಸರ ಬೇಡ. ಇಂತಹ ಒಪ್ಪಂದವು ಕಾಲಾವಕಾಶ ಕೊಡುತ್ತದೆಯೇ ಹೊರತು ಸಾಲವನ್ನು ಮನ್ನಾ ಮಾಡುವುದಿಲ್ಲ. ಅದಕ್ಕೆ ಪ್ರತಿಯಾಗಿ ನೀವು ಬಾಕಿ ಮೊತ್ತವನ್ನು ಒಪ್ಪಿಕೊಳ್ಳಬೇಕೆಂದೂ, ಸಾಲದಾತರ ಹಿಂದಿನ ಲೋಪಗಳ ಬಗ್ಗೆ ಮುಂದೆ ತಕರಾರು ಎತ್ತಬಾರದೆಂದೂ ಷರತ್ತುಗಳು ಸಾಮಾನ್ಯವಾಗಿ ಇರುತ್ತವೆ. ಆದ್ದರಿಂದ ಅಸಲು, ಬಡ್ಡಿ, ದಂಡಗಳ ಲೆಕ್ಕವನ್ನು ಮೊದಲು ಲಿಖಿತವಾಗಿ ಪಡೆದು ತಾಳೆ ನೋಡಿ. ಸಾಲವು ಹೂಡಿಕೆದಾರರಿಗೆ ವರ್ಗಾವಣೆಯಾಗಿದ್ದರೆ, ಅವರ ಪರವಾಗಿ ಸಾಲದ ಕಂತು ವಸೂಲಿ ನೋಡಿಕೊಳ್ಳುತ್ತಾ ಮಾತುಕತೆಗೆ ಬಂದಿರುವ ನಿರ್ವಹಣಾ ಸಂಸ್ಥೆಗೆ ಷರತ್ತು ಬದಲಿಸುವ ಅಧಿಕಾರ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಬಾಯಿಮಾತಿನ ಭರವಸೆ ನಂಬಿ ಆಸ್ತಿ ಕಳೆದುಕೊಳ್ಳುವುದು ನಿಜಕ್ಕೂ ನೋವಿನ ಸಂಗತಿ. ಜಾಮೀನುದಾರರ ಹೊಣೆ ಮುಂದುವರಿಯುವ ಷರತ್ತನ್ನು ಅವರಿಗೂ ತೋರಿಸಿ, ವಕೀಲರು ಕರಡನ್ನು ಪರಿಶೀಲಿಸಿದ ನಂತರವೇ ಸಹಿ ಹಾಕಿ.