ಮೀಟಿಂಗ್‌ನಲ್ಲಿ ನಾನು ಹೇಳಿದ್ದು ಯಾರ ಕಿವಿಗೂ ಬೀಳುವುದಿಲ್ಲ, ಏನು ಮಾಡಲಿ?

"ನನ್ನ ಹತ್ತಿರ ಒಳ್ಳೆಯ ಐಡಿಯಾ ಇರುತ್ತದೆ, ಮೀಟಿಂಗ್‌ನಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ಹತ್ತು ನಿಮಿಷ ಬಿಟ್ಟು ಇನ್ನೊಬ್ಬರು ಅದನ್ನೇ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ನನ್ನ ಇಂಗ್ಲಿಷ್ ಸರಿ ಇಲ್ಲ ಅಂತಲಾ?" ಎಂದು ಕೇಳಿದ್ದೀರಿ. ಓದಿ ನಗು ಬಂತು, ಹೊಟ್ಟೆಯೂ ಚುರುಕ್ ಅಂದಿತು. ನಾನು ತಿಪಟೂರಿನ ಹತ್ತಿರ ಕನ್ನಡ ಮೀಡಿಯಂನಲ್ಲಿ ಓದಿದವನು. ಹದಿನಾಲ್ಕು ವರ್ಷದಿಂದ ಪೀಣ್ಯದ ಕಾರ್ಖಾನೆಗಳಲ್ಲಿ ಎಂಜಿನಿಯರ್. ಮೊದಲ ಐದಾರು ವರ್ಷ ನಾನೂ ಎಲ್ಲದಕ್ಕೂ ಇಂಗ್ಲಿಷನ್ನೇ ಬೈದುಕೊಂಡು ಓಡಾಡಿದ್ದೇನೆ.

ಆ ಭ್ರಮೆ ಬಿಟ್ಟಿದ್ದು ಗಾಳಿ ವಿಷಯದಲ್ಲಿ. ಕಾರ್ಖಾನೆಗಳಲ್ಲಿ ಕಂಪ್ರೆಸರ್ ಅಂತ ಇರುತ್ತದೆ, ಗಾಳಿಯನ್ನು ಒತ್ತಿ ಪೈಪ್‌ಗಳಲ್ಲಿ ಎಲ್ಲ ಮೆಷಿನ್‌ಗೂ ಕಳಿಸುತ್ತದೆ. ಪೈಪ್, ಕಪ್ಲಿಂಗ್, ವಾಲ್ವ್ ಹಳೆಯದಾದಂತೆ ಅಲ್ಲಲ್ಲಿ ಗಾಳಿ ಸೋರುತ್ತದೆ. ನೀರು ಸೋರಿದರೆ ನೆಲ ಒದ್ದೆಯಾಗುತ್ತದೆ, ಎಣ್ಣೆ ಸೋರಿದರೆ ಯಾರಾದರೂ ಜಾರಿ ಬೀಳುತ್ತಾರೆ. ಗಾಳಿ ಸೋರಿದರೆ ಕಾಣುವುದೇ ಇಲ್ಲ, ಕರೆಂಟ್ ಬಿಲ್ ಮಾತ್ರ ಏರುತ್ತದೆ. ಆಗ ನಾನಿದ್ದ ಕಂಪನಿಯಲ್ಲಿ ಇದನ್ನು ಅಳೆದು ನೋಡಿದೆ. ಖುಷಿಯಾಗಿ 22 ಸ್ಲೈಡ್ ಮಾಡಿದೆ. ಕಂಪ್ರೆಸರ್ ಹೇಗೆ ಕೆಲಸ ಮಾಡುತ್ತದೆ, ಸೋರಿಕೆಯಲ್ಲಿ ಎಷ್ಟು ವಿಧ, ನಾನು ಯಾವ ವಿಧಾನದಲ್ಲಿ ಅಳೆದೆ, ಫೋಟೊಗಳು, ಟೇಬಲ್‌ಗಳು. ದುಡ್ಡಿನ ಲೆಕ್ಕ ಬಂದಿದ್ದು 19ನೇ ಸ್ಲೈಡ್‌ನಲ್ಲಿ.

ಆರನೇ ಸ್ಲೈಡ್‌ಗೇ ಪ್ಲಾಂಟ್ ಹೆಡ್ ಮೊಬೈಲ್ ತೆಗೆದರು. ಕೊನೆಗೆ ತಲೆ ಎತ್ತಿ, "ಸರಿ, ಈಗ ನಾನು ಏನು ಮಾಡಬೇಕು?" ಎಂದರು. ನಾನು "ಲೀಕೇಜ್ ಕಡಿಮೆ ಮಾಡಬೇಕು ಸರ್" ಎಂದೆ. "ಮಾಡಿ, ಯಾರು ಬೇಡ ಅಂದರು?" ಎಂದರು. ಎಲ್ಲರೂ ನಕ್ಕರು. ಮೀಟಿಂಗ್ ಮುಗಿಯಿತು.

ಇಷ್ಟೂ ಮಾತು ನಡೆದಿದ್ದು ಅರ್ಧ ಕನ್ನಡದಲ್ಲೇ, ನೋಡಿ. ಅಲ್ಲಿ ಇಂಗ್ಲಿಷ್‌ನ ತಪ್ಪು ಏನೂ ಇರಲಿಲ್ಲ. ಎಷ್ಟು ದುಡ್ಡು ಬೇಕು, ಯಾರು ಸಹಿ ಹಾಕಬೇಕು, ಯಾವತ್ತಿನೊಳಗೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ನಾನು ವಿಷಯವನ್ನು ಯಾವ ಕ್ರಮದಲ್ಲಿ ಕಲಿತಿದ್ದೆನೋ ಅದೇ ಕ್ರಮದಲ್ಲಿ ಅವರಿಗೆ ಒಪ್ಪಿಸಿದ್ದೆ. ಬಸ್‌ಸ್ಟ್ಯಾಂಡ್ ಎಲ್ಲಿ ಎಂದು ಕೇಳಿದವನಿಗೆ ಊರಿನ ಸ್ಥಳಪುರಾಣ ಹೇಳಿದ ಹಾಗೆ.

ಎರಡನೇ ಸಲ ಸ್ಲೈಡ್ ಮಾಡಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಊಟದ ಬೆಲ್ ಹೊಡೆದು ಮೆಷಿನ್‌ಗಳೆಲ್ಲ ನಿಂತ ಮೇಲೆ, "ಸರ್, ಐದೇ ನಿಮಿಷ" ಎಂದು ಅವರನ್ನು ಶಾಪ್ ಫ್ಲೋರ್‌ಗೆ ಕರೆದುಕೊಂಡು ಹೋದೆ. ಮೆಷಿನ್ ಸದ್ದು ಇಲ್ಲದಿದ್ದಾಗ ಆ ಜಾಗದಲ್ಲಿ ಬೇರೆಯೇ ಒಂದು ಸದ್ದು ಕೇಳುತ್ತದೆ. ನಾಲ್ಕೂ ಕಡೆಯಿಂದ ಬುಸ್ ಬುಸ್ ಅಂತ, ಹಾವಿನ ಬುಟ್ಟಿ ತೆರೆದಿಟ್ಟ ಹಾಗೆ. ಅವರು ಸುಮ್ನೆ ನಿಂತು ಕೇಳಿಸಿಕೊಂಡರು. ಅಷ್ಟರಲ್ಲಿ ಹಿಂದಿನ ಶೆಡ್‌ನಲ್ಲಿ ಕಂಪ್ರೆಸರ್ ಗುರ್ ಎಂದು ಲೋಡ್ ತೆಗೆದುಕೊಂಡಿತು. "ಯಾರೂ ಕೆಲಸ ಮಾಡ್ತಿಲ್ಲವಲ್ಲ, ಇದು ಯಾರಿಗೆ ಗಾಳಿ ಕೊಡ್ತಿದೆ?" ಎಂದು ಅವರೇ ಕೇಳಿದರು. ನಾನು ಬಾಯಿ ಬಿಡಲಿಲ್ಲ. ಅವರೇ ವಾಚ್ ನೋಡಿಕೊಂಡರು. ಮೂರು ನಿಮಿಷ ಓಡಿತು, ಏಳು ನಿಮಿಷ ಸುಮ್ಮನಾಯಿತು, ಮತ್ತೆ ಓಡಿತು. ಹತ್ತು ನಿಮಿಷದಲ್ಲಿ ಮೂರು ನಿಮಿಷ ಅಂದರೆ ಕಂಪ್ರೆಸರ್ ಕೊಡಬಲ್ಲ ಗಾಳಿಯಲ್ಲಿ ನೂರಕ್ಕೆ 30 ಪಾಲು ಸೋರಿ ಹೋಗುತ್ತಿದೆ ಎಂದರ್ಥ.

ಆಗ ಜೇಬಿನಿಂದ ಅರ್ಧ ಹಾಳೆ ತೆಗೆದುಕೊಟ್ಟೆ. ಅದರ ಮೊದಲ ಸಾಲು ಹೀಗಿತ್ತು: "ಶುಕ್ರವಾರದೊಳಗೆ 35 ಸಾವಿರ ರೂಪಾಯಿಗೆ ನಿಮ್ಮ ಒಪ್ಪಿಗೆ ಬೇಕು." ಎರಡನೇ ಸಾಲು: "ಇದರಿಂದ ತಿಂಗಳಿಗೆ 29 ಸಾವಿರ ಕರೆಂಟ್ ಬಿಲ್ ಉಳಿಯುತ್ತದೆ." ಅದರ ಕೆಳಗೆ ಲೆಕ್ಕ. 37 ಕಿಲೋವ್ಯಾಟ್ ಕಂಪ್ರೆಸರ್, ಅದರಲ್ಲಿ 30 ಪರ್ಸೆಂಟ್ ಅಂದರೆ ಸುಮಾರು 11 ಕಿಲೋವ್ಯಾಟ್. ದಿನಕ್ಕೆ 20 ಗಂಟೆ, ತಿಂಗಳಿಗೆ 25 ದಿನ, 5,500 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೆ 44 ಸಾವಿರ. ಸೋರಿಕೆ ಪೂರ್ತಿ ನಿಲ್ಲುವುದಿಲ್ಲ, ಮೂರರಲ್ಲಿ ಎರಡು ಪಾಲು ನಿಲ್ಲಿಸಬಹುದು, ಹಾಗಾಗಿ 29.

44 ಎಂದೇ ಬರೆಯಬಹುದಿತ್ತು. ದೊಡ್ಡ ಅಂಕಿ ನೋಡಿದರೆ ಜಾಸ್ತಿ ಖುಷಿಪಡುತ್ತಾರೆ ಅನಿಸುತ್ತದೆ, ಅಲ್ವಾ? ನನ್ನ ಅನುಭವದಲ್ಲಿ ಉಲ್ಟಾ. ದುಡ್ಡು ಬಿಡುಗಡೆ ಮಾಡುವವರು ದಿನಾ ದೊಡ್ಡ ಅಂಕಿ ಕೇಳಿ ಕೇಳಿ ಸೋತಿರುತ್ತಾರೆ. ನಾವೇ ಕಡಿಮೆ ಮಾಡಿ ಹೇಳಿ, ಯಾಕೆ ಕಡಿಮೆ ಎಂದೂ ಹೇಳಿದರೆ ಉಳಿದ ಲೆಕ್ಕವನ್ನು ಜಾಸ್ತಿ ಕೆದಕುವುದಿಲ್ಲ. ಅವತ್ತು ಅವರು ಅಲ್ಲೇ ಒಂದು ಡ್ರಮ್ ಮೇಲೆ ಹಾಳೆ ಇಟ್ಟು ಸಹಿ ಹಾಕಿದರು.

ನಿಜ ಹೇಳಬೇಕೆಂದರೆ ಅಸಲಿ ಕೆಲಸ ಅದಕ್ಕೂ ಹಿಂದಿನ ವಾರವೇ ಆಗಿತ್ತು. ಮೊದಲ ಮೀಟಿಂಗ್‌ನಲ್ಲಿ ಮೇಂಟೆನೆನ್ಸ್ ಮುಖ್ಯಸ್ಥರು ಮೂತಿ ಉದ್ದ ಮಾಡಿ ಕೂತಿದ್ದರು. ಕೂರದೆ ಇನ್ನೇನು ಮಾಡುತ್ತಾರೆ? ನನ್ನ 22 ಸ್ಲೈಡ್‌ನ ಸಾರಾಂಶ ಅವರಿಗೆ ಕೇಳಿಸಿದ್ದು "ಮೇಂಟೆನೆನ್ಸ್‌ನವರು ನಿದ್ದೆ ಮಾಡುತ್ತಿದ್ದಾರೆ" ಎಂದು. ಅಷ್ಟು ಜನರ ಮುಂದೆ. ಆಮೇಲೆ ಒಂದು ದಿನ ಗೇಟಿನ ಹೊರಗಿನ ಅಂಗಡಿಯಲ್ಲಿ ಟೀ ಕುಡಿಯುತ್ತಾ ಅವರನ್ನೇ ಕೇಳಿದೆ: "ಸರ್, ಇದು ಯಾಕೆ ಹೀಗಾಗಿದೆ?" ಅವರ ಹತ್ತಿರ ದೊಡ್ಡ ಕಥೆಯೇ ಇತ್ತು. ಅಗ್ಗದ ಕಪ್ಲಿಂಗ್ ತರಿಸಿದ್ದು ಪರ್ಚೇಸ್‌ನವರು, ಬೇರೆ ಬೇಕು ಎಂದು ಇವರು ಎರಡು ಸಲ ಬರೆದುಕೊಟ್ಟಿದ್ದರು, ಯಾರೂ ನೋಡಿರಲಿಲ್ಲ. ಬದಲಾಯಿಸಬೇಕಾದ ಸಾಮಾನುಗಳ 35 ಸಾವಿರದ ಪಟ್ಟಿ ಮಾಡಿಕೊಟ್ಟಿದ್ದು ಅವರೇ. ನನ್ನ ಲೆಕ್ಕದಲ್ಲಿ ಒಂದು ಮುಖ್ಯ ವಾಲ್ವ್ ಬಿಟ್ಟೇ ಹೋಗಿತ್ತು.

ಜಪಾನಿನ ಟೊಯೋಟದವರು ಇದಕ್ಕೆ ನೆಮವಾಶಿ ಎನ್ನುತ್ತಾರೆ. ಮರವನ್ನು ಕಿತ್ತು ಬೇರೆ ಕಡೆ ನೆಡುವ ಮುಂಚೆ ಬೇರಿನ ಸುತ್ತ ನಿಧಾನವಾಗಿ ಅಗೆದು ಸಿದ್ಧ ಮಾಡುವುದು ಎಂದು ಅದರ ಅರ್ಥ. ನಮಗೇನೂ ಇದು ಹೊಸದಲ್ಲ. ಹೆಣ್ಣು ಗಂಡಿನ ಕಡೆಯವರ ಮಾತುಕತೆ ಎಲ್ಲ ಮೊದಲೇ ಮುಗಿದಿರುತ್ತದೆ, ನಿಶ್ಚಿತಾರ್ಥದ ದಿನ ತಾಂಬೂಲ ಬದಲಾಯಿಸುವುದಷ್ಟೇ. ಅವತ್ತು ಚಪ್ಪರದಲ್ಲಿ ಕೂತು ಹೊಸದಾಗಿ ಮಾತು ತೆಗೆದರೆ ಸಂಬಂಧ ಮುರಿದು ಬೀಳುತ್ತದೆ. ಮೀಟಿಂಗ್ ಕೂಡ ತಾಂಬೂಲದ ದಿನವೇ. ನಿಮ್ಮ ಐಡಿಯಾದಿಂದ ಯಾರಿಗೆ ಕೆಲಸ ಜಾಸ್ತಿಯಾಗುತ್ತದೆ, ಯಾರ ಮುಖ ಸಣ್ಣದಾಗುತ್ತದೆ ಎಂದು ಯೋಚಿಸಿ, ಅವರ ಹತ್ತಿರ ಮೊದಲು ಹೋಗಿ. ಒಪ್ಪಿಸುವುದಕ್ಕೆ ಹೋಗಬೇಡಿ, ಕೇಳುವುದಕ್ಕೆ ಹೋಗಿ.

ಹೇಳಿದ್ದು ಕಿವಿಗೆ ಬೀಳದ ವಿಷಯ ಬಂದಾಗಲೆಲ್ಲ ನನಗೆ ಚಾಲೆಂಜರ್ ನೆನಪಾಗುತ್ತದೆ. 1986ರ ಜನವರಿ 28ರಂದು ಅಮೆರಿಕದ ಈ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿಗೆ ಒಡೆದುಹೋಯಿತು, ಒಳಗಿದ್ದ 7 ಜನ ಸತ್ತರು. ಹಿಂದಿನ ರಾತ್ರಿಯೇ ಬೂಸ್ಟರ್ ರಾಕೆಟ್ ತಯಾರಿಸಿದ ಮಾರ್ಟನ್ ಥಿಯೋಕಾಲ್ ಕಂಪನಿಯ ಎಂಜಿನಿಯರುಗಳು, ಇಷ್ಟು ಚಳಿಯಲ್ಲಿ ಹಾರಿಸಬೇಡಿ, ಜೋಡಣೆಯಲ್ಲಿ ಬಿಸಿ ಅನಿಲ ಸೋರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ಕೈಕೊಡಬಹುದು ಎಂದು ಫೋನ್‌ನಲ್ಲಿ ನೌಕೆ ಹಾರಿಸುವ ನಾಸಾ ಸಂಸ್ಥೆಯವರ ಜೊತೆ ಗಂಟೆಗಟ್ಟಲೆ ವಾದ ಮಾಡಿದ್ದರು. ತರಾತುರಿಯಲ್ಲಿ 13 ಚಾರ್ಟ್ ಫ್ಯಾಕ್ಸ್ ಮಾಡಿದ್ದರು. ಆ ಚಾರ್ಟ್‌ಗಳಲ್ಲಿ ಹಿಂದೆ ತೊಂದರೆಯಾದ ಕೆಲವು ಹಾರಾಟಗಳ ಮಾತಿತ್ತು. ಒಂದು ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಇನ್ನೊಂದು 24ರಲ್ಲಿ. ಸೆಖೆಯಲ್ಲೂ ಕೆಟ್ಟಿದೆಯಲ್ಲ, ಹಾಗಾದರೆ ಚಳಿಯದ್ದೇ ತಪ್ಪು ಎಂದು ಹೇಗೆ ಹೇಳುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಗಟ್ಟಿಯಾಗಿ ನಿಲ್ಲಲಿಲ್ಲ. ತೊಂದರೆ ಇಲ್ಲದೆ ಹಾರಿದ್ದನ್ನು ಪಕ್ಕದಲ್ಲಿ ಇಟ್ಟು ನೋಡಿರಲಿಲ್ಲ. ಆಮೇಲೆ ತನಿಖಾ ಆಯೋಗ ಎಲ್ಲವನ್ನೂ ಸೇರಿಸಿ ನೋಡಿತು. ಸುಮಾರು 17 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಹಾರಿದ್ದು 4 ಸಲ, ನಾಲ್ಕರಲ್ಲೂ ಓ-ರಿಂಗ್‌ಗೆ ಪೆಟ್ಟು. 19 ಅಥವಾ ಅದಕ್ಕಿಂತ ಜಾಸ್ತಿ ಇದ್ದಾಗ 20 ಸಲ, ಅದರಲ್ಲಿ ಪೆಟ್ಟು ಬಿದ್ದಿದ್ದು ಮೂರರಲ್ಲಿ. ಅವತ್ತು ಬೆಳಿಗ್ಗೆ ಹಾರಿಸುವಾಗ ಇದ್ದಿದ್ದು 2 ಡಿಗ್ರಿ. ಎರಡೇ ಸಾಲು, ಮಗುವಿಗೂ ಅರ್ಥವಾಗುತ್ತದೆ.

ಇಲ್ಲಿಗೆ ಬಂದು "ಎಂಜಿನಿಯರುಗಳಿಗೆ ಹೇಳೋಕೆ ಬರಲಿಲ್ಲ, ಅದಕ್ಕೇ ಏಳು ಜನ ಸತ್ತರು" ಎಂದು ಪಾಠ ಮಾಡುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಅವರು ಹಾರಿಸಬೇಡಿ ಎಂದು ಬಾಯಿಬಿಟ್ಟು ಹೇಳಿದ್ದರು. ಕೇಳುವ ನಾಸಾದವರಿಗೆ ಹಾರಿಸುವ ಆತುರ ಇತ್ತು, ಎಂಜಿನಿಯರುಗಳದೇ ಕಂಪನಿಯ ಮೇಲಿನವರು ಕೊನೆಗಳಿಗೆಯಲ್ಲಿ ಮಾತು ಬದಲಿಸಿದರು. ಎಷ್ಟೇ ಚೆನ್ನಾಗಿ ಹೇಳಿದರೂ ಕೇಳದ ಕಿವಿ ಇರುತ್ತದೆ, ಆ ತಪ್ಪನ್ನು ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ. ಆದರೆ ಆ ಎರಡು ಸಾಲು ಮೇಜಿನ ಮೇಲೆ ಇದ್ದಿದ್ದರೆ ಕೇಳದವರಿಗೆ ತಪ್ಪಿಸಿಕೊಳ್ಳುವುದು ಕಷ್ಟವಾಗುತ್ತಿತ್ತು.

ಮುಂದಿನ ತಿಂಗಳು ವಿಚಾರಣೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಒಂದು ಕೆಲಸ ಮಾಡಿದರು. ಅದೇ ರಬ್ಬರಿನ ತುಂಡನ್ನು ಸಣ್ಣ ಕ್ಲಾಂಪ್‌ನಲ್ಲಿ ಅದುಮಿ, ಮುಂದಿದ್ದ ಐಸ್ ನೀರಿನ ಲೋಟದಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ ಹೊರಗೆ ತೆಗೆದರು. ಕ್ಲಾಂಪ್ ಬಿಚ್ಚಿದರೆ ರಬ್ಬರ್ ತಕ್ಷಣ ಮೊದಲಿನ ಆಕಾರಕ್ಕೆ ಬರಲಿಲ್ಲ. ಟಿವಿ ಕ್ಯಾಮೆರಾಗಳ ಮುಂದೆ. ಊಟದ ಹೊತ್ತಿನಲ್ಲಿ ಬುಸ್ ಸದ್ದು ಕೇಳಿಸುವ ಬುದ್ಧಿ ನನಗೆ ಬಂದಿದ್ದು ಆ ಲೋಟದಿಂದಲೇ.

ಇನ್ನು ಇಂಗ್ಲಿಷ್. ಕಾರಣ ಪೂರ್ತಿ ಅದಲ್ಲ, ಸ್ವಲ್ಪ ಹೌದು. ವ್ಯಾಕರಣ ತಪ್ಪಿದ್ದಕ್ಕೆ ಯಾರೂ ಐಡಿಯಾ ಬಿಸಾಡಿದ್ದನ್ನು ನಾನು ಕಂಡಿಲ್ಲ. ತಪ್ಪುತ್ತದೇನೋ ಎಂಬ ಹೆದರಿಕೆಯಲ್ಲಿ ನಾವೇ ಸುತ್ತಿ ಬಳಸಿ ಮಾತಾಡುತ್ತೇವೆ, ಅಸಲು ಮಾತು ಬರುವಷ್ಟರಲ್ಲಿ ಕೇಳುವವರು ಎದ್ದು ಹೋಗಿರುತ್ತಾರೆ. ನಾನು ಮಾಡುವುದು ಇಷ್ಟು. ಮೊದಲು ಕನ್ನಡದಲ್ಲಿ, ಮನೆಯಲ್ಲಿ ಅಮ್ಮನಿಗೆ ಹೇಳುವ ಹಾಗೆ, ಎರಡು ಸಾಲು ಬರೆದುಕೊಳ್ಳುತ್ತೇನೆ. ಅಮ್ಮನಿಗೆ ಅರ್ಥವಾಗದಿದ್ದರೆ ನನಗೇ ಇನ್ನೂ ಅರ್ಥವಾಗಿಲ್ಲ ಎಂದು ಲೆಕ್ಕ. ಆಮೇಲೆ ಆ ಎರಡು ಸಾಲನ್ನು ಮಾತ್ರ ಇಂಗ್ಲಿಷ್ ಮಾಡಿ ಬಾಯಿಪಾಠ ಹೊಡೆಯುತ್ತೇನೆ. ಉಳಿದಿದ್ದು ಹೇಗೆ ಬಂದರೂ ನಡೆಯುತ್ತದೆ. ಎದುರಿಗಿರುವವರಿಗೆ ಕನ್ನಡ ಬಂದರೆ ಸುಮ್ನೆ ಕನ್ನಡದಲ್ಲೇ ಮಾತಾಡಿ, ಅದಕ್ಕೇನು ಸಂಕೋಚ.

ಎಲ್ಲ ಸಲವೂ ಗೆದ್ದೆ ಎಂದುಕೊಳ್ಳಬೇಡಿ. ಶಿಫ್ಟನ್ನು ಅರ್ಧ ಗಂಟೆ ಬೇಗ ಶುರುಮಾಡಿದರೆ ಒಳ್ಳೆಯದು ಎಂದು ಒಮ್ಮೆ ತುಂಬ ಚೆನ್ನಾಗಿ ಹೇಳಿದೆ. ಅರ್ಧ ಹಾಳೆ, ಮೊದಲ ಸಾಲು, ಲೆಕ್ಕ, ಎಲ್ಲ ಅಚ್ಚುಕಟ್ಟು. ಹಿಂದಿನ ಸಾಲಿನಲ್ಲಿದ್ದ ಹಿರಿಯ ಆಪರೇಟರ್ ಒಬ್ಬರು, "ಅಷ್ಟೊತ್ತಿಗೆ ನೆಲಮಂಗಲದಿಂದ ನಮಗೆ ಬಸ್ ಎಲ್ಲಿದೆ ಸರ್?" ಎಂದರು. ಅಲ್ಲಿಗೆ ಮುಗಿಯಿತು. ನಾನು ಯಾರನ್ನೂ ಕೇಳಿರಲಿಲ್ಲ. ಐಡಿಯಾವೇ ಪೊಳ್ಳಾಗಿದ್ದರೆ ಅದನ್ನು ಸ್ಪಷ್ಟವಾಗಿ ಹೇಳಿದಷ್ಟೂ ಬೇಗ ಸಾಯುತ್ತದೆ, ಅದೂ ಒಂದು ಲಾಭವೇ ಅನ್ನಿ.

ಕೊನೆಗೆ, ನಿಮ್ಮ ಮಾತನ್ನು ಇನ್ನೊಬ್ಬರು ಹೇಳಿ ಚಪ್ಪಾಳೆ ಗಿಟ್ಟಿಸುವ ವಿಷಯ. ಮೀಟಿಂಗ್‌ಗೆ ಒಂದು ದಿನ ಮುಂಚೆ ಎರಡು ಸಾಲಿನ ಮೇಲ್ ಹಾಕಿಬಿಡಿ. ಯಾರು ಮೊದಲು ಹೇಳಿದ್ದು ಎನ್ನುವುದಕ್ಕೆ ದಾಖಲೆ ಇರುತ್ತದೆ, ಜಗಳವೇ ಬೇಡ. ಇನ್ನೊಬ್ಬರು ಅದನ್ನೇ ಹೇಳಿದಾಗ, "ಹೌದು, ನಿನ್ನೆ ಕಳಿಸಿದ್ದು ಅದೇ, ಅದಕ್ಕೆ ಇನ್ನೊಂದು ಸೇರಿಸಬೇಕು" ಎಂದು ಮಾತಿಗೆ ಮಾತು ಪೋಣಿಸಿ ಮುಂದುವರಿಯಿರಿ. ಒಂದು ಅನುಮಾನವನ್ನೂ ಇಟ್ಟುಕೊಳ್ಳಿ: ಅವರು ನಿಮ್ಮ ಹತ್ತು ನಿಮಿಷದ ಮಾತನ್ನು ಒಂದು ಸಾಲು ಮಾಡಿ ಹೇಳಿರಬಹುದು. ಆ ಸಾಲನ್ನು ಬರೆದಿಟ್ಟುಕೊಂಡರೆ ಮುಂದಿನ ಸಲಕ್ಕೆ ಬರುತ್ತದೆ.

ಆ ಕಾರ್ಖಾನೆಯಲ್ಲಿ ಸೋರಿಕೆ ಆಮೇಲೆ ನೂರಕ್ಕೆ ಹತ್ತರ ಹತ್ತಿರ ಬಂತು. ಊಟದ ಹೊತ್ತಿನಲ್ಲಿ ಕಂಪ್ರೆಸರ್ ಹತ್ತು ನಿಮಿಷಕ್ಕೆ ಒಂದೇ ನಿಮಿಷ ಓಡುತ್ತಿತ್ತು. ಒಂದು ದಿನ ಪುಣೆಯಿಂದ ಗ್ರಾಹಕರು ಬಂದಿದ್ದರು. ಪ್ಲಾಂಟ್ ಹೆಡ್ ಅವರನ್ನು ಸರಿಯಾಗಿ ಒಂದು ಗಂಟೆಗೆ ಶಾಪ್ ಫ್ಲೋರ್‌ಗೆ ಕರೆತಂದು, ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿ, "ಮೊದಲು ಇಲ್ಲಿ ಹಾವಿನ ಬುಟ್ಟಿ ತೆರೆದಿಟ್ಟ ಹಾಗೆ ಸದ್ದು ಬರ್ತಿತ್ತು, ಒಂದು ದಿನ ನಾನು ಇಲ್ಲೇ ನಿಂತು ವಾಚ್ ನೋಡಿದೆ" ಎಂದು ಶುರುಮಾಡಿದರು. ಪೂರ್ತಿ ಕಥೆ ಹೇಳಿದರು, ಒಂದು ಅಂಕಿಯೂ ತಪ್ಪಲಿಲ್ಲ. ನನ್ನ ಹೆಸರು ಎಲ್ಲೂ ಬರಲಿಲ್ಲ. ನಾನು ಪಕ್ಕದಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದೆ. ಮೇಂಟೆನೆನ್ಸ್ ಮುಖ್ಯಸ್ಥರು ನನ್ನ ಕಡೆ ನೋಡಿ ಕಣ್ಣು ಹೊಡೆದರು.