ಕೂತು ಓಡಿಸುವ ರೋಬೋಟ್ ಮಾಡುವುದಾದರೆ ನಾಲ್ಕು ಕಾಲು ಬೇಡ, ಎಂಟು ಕಾಲು ಮಾಡಿ

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೇನೆ. ಕವಾಸಾಕಿಯ ಕಾರ್ಲಿಯೊ ವಿಡಿಯೋ ನೋಡಿದ ಮೇಲೆ ಅಂಥದ್ದೇ ನಾಲ್ಕು ಕಾಲಿನ, ಮೇಲೆ ಕೂತು ಹೋಗುವ ರೋಬೋಟ್ ಮನೆಯಲ್ಲೇ ಮಾಡಬೇಕು ಅನ್ನಿಸಿದೆ. ಸಾಧ್ಯನಾ? ಎಲ್ಲಿಂದ ಶುರು ಮಾಡಲಿ? ಕೋಟೆ ಮೆಟ್ಟಿಲು ಹತ್ತಿಸಬಹುದಾ?

ಕೂತು ಹೋಗುವ, ನಡೆಯುವ ಯಂತ್ರ ಮಾಡಬಹುದು. ಕಾರ್ಲಿಯೊ ಥರದ್ದು ಮಾತ್ರ ಮನೆಯಲ್ಲಿ ಆಗುವ ಕೆಲಸ ಅಲ್ಲ. ನಾನು ದಾವಣಗೆರೆಯಲ್ಲಿ ಫ್ಯಾಬ್ರಿಕೇಷನ್ ಶೆಡ್ ನಡೆಸುತ್ತೇನೆ. ಟ್ರಾಕ್ಟರ್ ಟ್ರೇಲರ್, ಕುಂಟೆ, ಕೂರಿಗೆ ನಮ್ಮ ದಿನದ ಕೆಲಸ. ಬಿಡುವಾದಾಗ ಶೆಡ್ಡಿನ ಹುಡುಗರ ಜೊತೆ ಸೇರಿ ಎಂಟು ಕಾಲಿನ ಗಾಡಿಯೊಂದನ್ನು ಮಾಡಿದ್ದೇವೆ. ಒಬ್ಬರು ಕೂತರೆ ಹೊತ್ತುಕೊಂಡು ನಡೆಯುತ್ತದೆ. ಆ ಅನುಭವದ ಮೇಲೆ ಹೇಳುತ್ತಿದ್ದೇನೆ.

ಕಾರ್ಲಿಯೊವನ್ನು ಕವಾಸಾಕಿ 2025ರ ಏಪ್ರಿಲ್‌ನಲ್ಲಿ ಒಸಾಕಾ ಎಕ್ಸ್‌ಪೋದಲ್ಲಿ ತೋರಿಸಿತು. ವಿಡಿಯೋದಲ್ಲಿ ಅದು ಬಂಡೆ ಮೇಲೆ ಜಿಗಿಯುತ್ತದಲ್ಲ, ಅದು ಕಂಪ್ಯೂಟರ್ ಗ್ರಾಫಿಕ್ಸ್. ಅಷ್ಟು ದೊಡ್ಡ ಕಂಪನಿಯೇ ಗ್ರಾಫಿಕ್ಸ್ ಬಳಸಿ ತೋರಿಸಿದೆ ಅಂದರೆ ಕೆಲಸ ಎಷ್ಟು ಕಷ್ಟದ್ದು ಅಂತ ಯೋಚಿಸಿ.

ಕಷ್ಟ ಇರುವುದು ನಾಲ್ಕು ಕಾಲಿನಲ್ಲೇ. ಒಂದು ಕಾಲು ಎತ್ತಿದರೆ ನೆಲದ ಮೇಲೆ ಉಳಿಯುವುದು ಮೂರು. ಗಾಡಿಯದ್ದೂ ನಿಮ್ಮದೂ ಸೇರಿದ ತೂಕದ ಕೇಂದ್ರ ಆ ಮೂರು ಪಾದಗಳ ತ್ರಿಕೋನದ ಒಳಗೇ ಬೀಳಬೇಕು. ನೀವು ಸೀಟಿನಲ್ಲಿ ಸ್ವಲ್ಪ ಪಕ್ಕಕ್ಕೆ ವಾಲಿದರೂ ಅದು ಹೊರಗೆ ಹೋಗಬಹುದು, ಗಾಡಿ ಮಗುಚಬಹುದು. ಬೀಳದ ಹಾಗೆ ಹಿಡಿಯಬೇಕಾದರೆ ಸೆನ್ಸರ್, ಕಂಪ್ಯೂಟರ್, ತಕ್ಷಣ ಮಾತು ಕೇಳುವ ಮೋಟರ್ ಎಲ್ಲ ಬೇಕು. 1960ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ರಾಲ್ಫ್ ಮೋಶರ್ ಎಂಬ ಎಂಜಿನಿಯರ್ ಕಂಪ್ಯೂಟರ್ ಇಲ್ಲದೇ ಇದನ್ನು ಮಾಡಿದರು. ಒಳಗೆ ಕೂತವರ ಎರಡು ಕೈ, ಎರಡು ಕಾಲು ಹೇಗೆ ಆಡುತ್ತವೋ ಯಂತ್ರದ ನಾಲ್ಕು ಕಾಲೂ ಹೈಡ್ರಾಲಿಕ್‌ನಿಂದ ಹಾಗೇ ಆಡುತ್ತಿದ್ದವು. ಯಂತ್ರ ನಡೆಯಿತು, ಆದರೆ ನಡೆಸುವವರು ಬಹಳ ಬೇಗ ಸುಸ್ತಾಗುತ್ತಿದ್ದರು.

ಅದಕ್ಕೇ ನನ್ನ ಸಲಹೆ: ಬ್ಯಾಲೆನ್ಸ್ ಮಾಡುವ ಕೆಲಸವನ್ನು ಕಂಪ್ಯೂಟರ್‌ಗೆ ಕೊಡಬೇಡಿ, ಕಾಲಿನ ಲಿಂಕೇಜ್‌ಗೇ ಕೊಡಿ. ಲಿಂಕೇಜ್ ಅಂದರೆ ಪಟ್ಟಿಗಳನ್ನು ಪಿನ್ ಹಾಕಿ ಜೋಡಿಸಿದ ಕೊಂಡಿ. ಒಂದು ಕ್ರ್ಯಾಂಕ್, ಅಂದರೆ ಶಾಫ್ಟಿಗೆ ಕೂರಿಸಿದ ಗಿಡ್ಡ ತೋಳು, ಸುಮ್ನೆ ಸುತ್ತುತ್ತಿದ್ದರೆ ಸಾಕು, ಪಾದ ತಾನಾಗಿಯೇ ಏಳುತ್ತದೆ, ಮುಂದೆ ಹೋಗುತ್ತದೆ, ಇಳಿದು ನೆಲವನ್ನು ಹಿಂದಕ್ಕೆ ತಳ್ಳುತ್ತದೆ. ರಷ್ಯಾದ ಗಣಿತಜ್ಞ ಚೆಬಿಶೆವ್ 1878ರ ಪ್ಯಾರಿಸ್ ಪ್ರದರ್ಶನದಲ್ಲೇ ಇಂಥ ನಡೆಯುವ ಯಂತ್ರ ಇಟ್ಟಿದ್ದರು. ನೆದರ್‌ಲೆಂಡ್ಸ್‌ನ ಥಿಯೋ ಯಾನ್ಸೆನ್ 1990ರಿಂದ ಪೈಪುಗಳಲ್ಲಿ ಮಾಡುತ್ತಿರುವ, ಗಾಳಿಗೆ ನಡೆಯುವ ಪ್ರಾಣಿಗಳನ್ನು ನೀವೂ ನೋಡಿರುತ್ತೀರಿ. ಚೆಂದ ಇವೆ. ಆದರೆ ಭಾರ ಹೊರುವ ಕೆಲಸಕ್ಕೆ ನನಗೆ ಹಿಡಿಸಿದ್ದು 1994ರಲ್ಲಿ ಜೋ ಕ್ಲಾನ್ ರೂಪಿಸಿದ ಲಿಂಕೇಜ್. ಪಟ್ಟಿಗಳು ಕಡಿಮೆ, ಪಿನ್ನೂ ಕಡಿಮೆ. ಕೆನಡಾದ ವ್ಯಾಂಕೋವರ್‌ನಲ್ಲಿ ಕೆಲವರು ಸೇರಿ ಮಾಡಿದ ಮೊಂಡೊ ಸ್ಪೈಡರ್ ಎಂಬ ಎಂಟು ಕಾಲಿನ ಯಂತ್ರದಲ್ಲೂ ಇದೇ ಲಿಂಕೇಜ್ ಇದೆ. ಅದರ ಮೇಲೂ ಒಬ್ಬರು ಕೂತು ಓಡಿಸುತ್ತಾರೆ.

ಎಂಟು ಕಾಲು ಯಾಕೆ? ಕ್ಲಾನ್ ಕಾಲಿನ ಪಾದ ಕ್ರ್ಯಾಂಕಿನ ಅರ್ಧ ಸುತ್ತು ನೆಲದ ಮೇಲೆ ಇರುತ್ತದೆ, ಇನ್ನರ್ಧ ಗಾಳಿಯಲ್ಲಿ. ಎರಡು ಕಾಲುಗಳ ಕ್ರ್ಯಾಂಕನ್ನು ಒಂದಕ್ಕೊಂದು ಎದುರಾಗಿ, ಅಂದರೆ 180 ಡಿಗ್ರಿಗೆ ಕೂರಿಸಿದರೆ ಆ ಜೋಡಿ ಒಂದು ಚಕ್ರದ ಜಾಗ ತುಂಬುತ್ತದೆ. ಎಡಕ್ಕೆ ಹಿಂದೊಂದು ಮುಂದೊಂದು ಜೋಡಿ, ಬಲಕ್ಕೂ ಹಾಗೇ. ಯಾವ ಗಳಿಗೆಯಲ್ಲಿ ನೋಡಿದರೂ ನಾಲ್ಕು ಮೂಲೆಯಲ್ಲಿ ನಾಲ್ಕು ಪಾದ ನೆಲದ ಮೇಲೆ ಇರುತ್ತವೆ. ಇನ್ನೊಂದು ಲಾಭವೂ ಇದೆ. ಎಡಕ್ಕೊಂದು, ಬಲಕ್ಕೊಂದು ಮೋಟರ್ ಹಾಕಿ. ಒಂದು ನಿಲ್ಲಿಸಿ ಇನ್ನೊಂದು ಓಡಿಸಿದರೆ ಗಾಡಿ ತಿರುಗುತ್ತದೆ, ಸ್ಟೀರಿಂಗ್ ಬೇಕಿಲ್ಲ. ಎರಡು ಬದಿಯ ಹೆಜ್ಜೆ ಒಂದಕ್ಕೊಂದು ಕೂಡದಿದ್ದರೂ ಗಾಡಿ ಬೀಳುವುದಿಲ್ಲ.

ಮೋಟರ್ ವಿಷಯ ಬೇಗ ಮುಗಿಸುತ್ತೇನೆ. ಇ-ರಿಕ್ಷಾದ 48 ವೋಲ್ಟ್ ಮೋಟರ್ ಸಾಕು. ಅದು ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ ಅಂತಿಟ್ಟುಕೊಳ್ಳಿ, ಕ್ರ್ಯಾಂಕಿಗೆ ಬೇಕಾದದ್ದು 20 ಸುತ್ತು. ಅಂದರೆ 150 ಪಟ್ಟು ಇಳಿಸಬೇಕು. 50ಕ್ಕೆ 1ರ ವರ್ಮ್ (ಸ್ಕ್ರೂ ಥರದ ಗೇರ್ ಇರುವ) ಗೇರ್‌ಬಾಕ್ಸ್, ಆಮೇಲೆ 15 ಹಲ್ಲು ಮತ್ತು 45 ಹಲ್ಲಿನ ಚೈನ್ ಸ್ಪ್ರಾಕೆಟ್. ವರ್ಮ್‌ನಲ್ಲಿ ಶಕ್ತಿ ಸ್ವಲ್ಪ ಜಾಸ್ತಿ ಪೋಲಾಗುತ್ತದೆ, ಆದರೆ ಕರೆಂಟ್ ಹೋದರೆ ಕಾಲು ಕುಸಿಯದೆ ಅಲ್ಲೇ ನಿಲ್ಲುತ್ತದೆ. ಹೆಜ್ಜೆ 40 ಸೆಂ.ಮೀ. ಆದರೆ ಒಂದು ಸುತ್ತಿಗೆ ಎರಡು ಹೆಜ್ಜೆ, ನಿಮಿಷಕ್ಕೆ 16 ಮೀಟರ್. ಗಂಟೆಗೆ ಸುಮಾರು ಒಂದು ಕಿಲೋಮೀಟರ್. ಮೊದಲ ಗಾಡಿಗೆ ಇದಕ್ಕಿಂತ ವೇಗ ಬೇಡ.

ಈಗ ನಿಜವಾದ ಕೆಲಸಕ್ಕೆ ಬರೋಣ. ಒಂದು ಕಾಲಿಗೆ ಮುಖ್ಯ ಶಾಫ್ಟ್ ಬಿಟ್ಟು ಆರು ಪಿನ್. ಎಂಟು ಕಾಲಿಗೆ 48. ಗಾಡಿಯ ಹಣೆಬರಹ ಈ 48 ಪಿನ್ನುಗಳಲ್ಲಿದೆ. ಒಂದೊಂದು ಪಿನ್ ಅರ್ಧ ಮಿ.ಮೀ. ಲೂಸ್ ಇದ್ದರೆ ಎಲ್ಲ ಸೇರಿ, ಕಾಲಿನ ಉದ್ದಕ್ಕೆ ಹಿಗ್ಗಿ, ಪಾದದ ತುದಿಯಲ್ಲಿ ಎಷ್ಟೋ ಮಿ.ಮೀ. ಆಗುತ್ತದೆ. ಆಗ ಕಾಲು ನೆಲಕ್ಕೆ ಊರುವುದಿಲ್ಲ, ಬಡಿಯುತ್ತದೆ. ಬರೀ ಬೋಲ್ಟ್ ಹಾಕಿ ಬಿಡುವುದು ನಡೆಯಲ್ಲ. ಇಎನ್8 ಸ್ಟೀಲಿನ 20 ಮಿ.ಮೀ. ಪಿನ್, ಗನ್‌ಮೆಟಲ್ ಬುಶ್ (ಪಿನ್ ಒಳಗೆ ತಿರುಗುವ ಬಳೆ), ಪ್ರತಿಯೊಂದಕ್ಕೂ ಗ್ರೀಸ್ ನಿಪ್ಪಲ್. ಪಟ್ಟಿಗೆ ಬುಶ್ ಹೌಸಿಂಗ್ ಮೊದಲು ವೆಲ್ಡ್ ಮಾಡಿ, ಬೋರಿಂಗ್ ಆಮೇಲೆ ಮಾಡಿಸಿ. ವೆಲ್ಡಿಂಗ್ ಶಾಖಕ್ಕೆ ಕಬ್ಬಿಣ ಎಳೆಯುತ್ತದೆ, ಮೊದಲೇ ಮಾಡಿದ ತೂತು ಜಾಗ ಬಿಡುತ್ತದೆ. ಒಂದೇ ಅಳತೆಯ ಎಂಟು ಪಟ್ಟಿಗಳನ್ನೂ ಒಂದೇ ಜಿಗ್‌ನಲ್ಲಿ (ಅಳತೆ ತಪ್ಪದ ಹಾಗೆ ಹಿಡಿದಿಡುವ ಚೌಕಟ್ಟು) ಕೂರಿಸಿ ಬೋರ್ ಹೊಡೆಸಿ. ಅಳತೆ ಡ್ರಾಯಿಂಗಿಗಿಂತ ಕೂದಲೆಳೆ ಆಚೀಚೆ ಆದರೂ ಪರವಾಗಿಲ್ಲ, ಎಂಟೂ ಒಂದೇ ಥರ ಇರಬೇಕು.

ಈ ಕೆಲಸಕ್ಕೆ ನಮ್ಮ ಕಡೆಗಿಂತ ಒಳ್ಳೆಯ ಜಾಗ ಬೇಕಾ? ಹರಿಹರದಲ್ಲಿ ಒಂದು ಕಾಲಕ್ಕೆ ಮೈಸೂರು ಕಿರ್ಲೋಸ್ಕರ್ ಲೇತ್‌ಗಳು ತಯಾರಾಗುತ್ತಿದ್ದವು. ಕಾರ್ಖಾನೆ ಮುಚ್ಚಿದೆ, ಆ ಲೇತ್‌ಗಳು ಮಾತ್ರ ಇನ್ನೂ ಓಡುತ್ತಿವೆ. ನಮಗೆ ಬುಶ್ ಮಾಡಿಕೊಟ್ಟ ಟರ್ನರ್ ಅಲ್ಲೇ ಕೆಲಸ ಕಲಿತವರು. ಪಿನ್ ಒಳಗೆ ಹಾಕಿ, ಪಟ್ಟಿಯ ಇನ್ನೊಂದು ತುದಿಗೆ ಒಂದೇ ಬೆರಳು ಇಟ್ಟು ಅಲ್ಲಾಡಿಸುತ್ತಾರೆ, ಕಣ್ಣು ಮುಚ್ಚಿಕೊಂಡು. ಬೆರಳಿಗೆ ಟಕ್ ಅಂತ ಬಡಿದರೆ ಆ ಬುಶ್ ಪಕ್ಕಕ್ಕೆ. ನಮ್ಮ ಗಾಡಿ ಮೊದಲ ಸಲ ಹೊರಟಾಗ ಶೆಡ್ಡಿನ ಹುಡುಗನೊಬ್ಬ "ಅಣ್ಣಾ, ಹಿಂದಿನ ಕಾಲು ಕುಂಟ್ತೈತಿ ನೋಡು" ಅಂದ. ಪಿನ್ನುಗಳೆಲ್ಲ ಬಿಗಿಯಾಗಿದ್ದವು. ಹಿಂದಿನ, ಮುಂದಿನ ಶಾಫ್ಟ್ ಕೂಡಿಸುವ ಚೈನ್ ಸಡಿಲವಾಗಿತ್ತು. ಒಂದು ಐಡ್ಲರ್ (ಚೈನನ್ನು ಒತ್ತಿ ಹಿಡಿಯುವ ಗಾಲಿ) ಹಾಕಿ ಚೈನ್ ಬಿಗಿ ಮಾಡಿದ ಮೇಲೆ ನಡಿಗೆ ಒಂದೇ ಲಯಕ್ಕೆ ಬಂತು. ಆ ಸದ್ದು ಕೇಳಬೇಕು ನೀವು, ಎಷ್ಟು ಖುಷಿ ಆಗುತ್ತದೆ ಅಂದರೆ!

ಪಾದವನ್ನು ಸಣ್ಣದು ಮಾಡಬೇಡಿ. ಗಾಡಿ, ಬ್ಯಾಟರಿ, ನೀವು ಸೇರಿ 300 ಕೆ.ಜಿ. ಆದರೆ ಒಂದು ಪಾದಕ್ಕೆ 75 ಕೆ.ಜಿ. ಪಾದ 5 ಸೆಂ.ಮೀ. ಚೌಕ ಇದ್ದರೆ ಚದರ ಸೆಂ.ಮೀ.ಗೆ 3 ಕೆ.ಜಿ. ಒತ್ತಡ. 15 ಸೆಂ.ಮೀ. ಚೌಕದ ಪ್ಲೇಟ್ ಹಾಕಿದರೆ ಅದು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೆಕ್ಕೆಜೋಳ ಮುರಿದಾದ ಮೇಲಿನ ಒಣ ಹೊಲದಲ್ಲಿ ನಮ್ಮದು ಚೆನ್ನಾಗಿ ನಡೆಯುತ್ತದೆ. ಹಸಿ ಎರೆಮಣ್ಣಿಗೆ ಇಳಿಸಬೇಡಿ, ಪಾದಕ್ಕೆ ಮೆತ್ತಿಕೊಂಡು ಕಾಲಿನ ಭಾರ ಹೆಚ್ಚುತ್ತಲೇ ಹೋಗುತ್ತದೆ.

ಕೋಟೆ ಮೆಟ್ಟಿಲಿನ ಆಸೆ ಈ ಗಾಡಿಯಲ್ಲಿ ಬಿಡಿ. ಕಾಲು ಎತ್ತರಕ್ಕೆ ಏಳುವುದು ನಿಜ, ಆದರೆ ಅದಕ್ಕೆ ಮೆಟ್ಟಿಲು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಪಾದ ಅಂಚಿನ ಮೇಲೆ ಬಿದ್ದರೆ ಕಲ್ಲಿನ ಮೇಲೆ ಜಾರುತ್ತದೆ, ಗಾಡಿ ವಾಲಿದ್ದರಿಂದ ತೂಕವೂ ಹಿಂದಕ್ಕೆ ಹೋಗಿರುತ್ತದೆ. ಸಾಲದ್ದಕ್ಕೆ ಅದು ಜನ ಓಡಾಡುವ ಜಾಗ.

ಸುರಕ್ಷತೆಯಲ್ಲಿ ರಾಜಿ ಬೇಡ. ಆ ಪಟ್ಟಿಗಳು ಬೆರಳನ್ನು ಕತ್ತರಿಸಿಬಿಡುತ್ತವೆ. ಸೀಟಿನ ಎರಡೂ ಬದಿಗೆ ಜಾಲರಿ ಹಾಕಿ. ಕೆಂಪು ಎಮರ್ಜೆನ್ಸಿ ಸ್ವಿಚ್ ಒಂದು ಸವಾರನ ಕೈಗೆ, ಇನ್ನೊಂದು ವೈರಿನಲ್ಲಿ ಪಕ್ಕ ನಡೆಯುವವರ ಕೈಗೆ. ನೀವು ಕೂರುವ ಮೊದಲು ನಿಮ್ಮ ತೂಕದಷ್ಟು ಮರಳು ಚೀಲ ಕೂರಿಸಿ ನಡೆಸಿ.

ಶುರು ಮಾಡುವುದು ಕಬ್ಬಿಣದಿಂದಲ್ಲ. ಜಿಯೋಜೀಬ್ರಾ ಸಾಫ್ಟ್‌ವೇರ್ ಉಚಿತ, ಅದರಲ್ಲಿ ಒಂದು ಕಾಲು ಬರೆದು ಕ್ರ್ಯಾಂಕ್ ತಿರುಗಿಸಿ. ಆಮೇಲೆ ರಟ್ಟಿನಲ್ಲಿ ಕತ್ತರಿಸಿ, ಪಾದದ ಜಾಗಕ್ಕೆ ಪೆನ್ಸಿಲ್ ಸಿಕ್ಕಿಸಿ ಗೋಡೆಗೆ ಒತ್ತಿ ಸುತ್ತಿಸಿ. ಕೆಳಗಿನ ಗೆರೆ ಆದಷ್ಟು ನೆಟ್ಟಗೆ ಬರಬೇಕು. ಅದು 3 ಸೆಂ.ಮೀ. ಉಬ್ಬಿದ್ದರೆ ಪ್ರತಿ ಹೆಜ್ಜೆಗೂ ಮೋಟರ್ 300 ಕೆ.ಜಿ.ಯನ್ನು ಅಷ್ಟು ಮೇಲೆತ್ತಬೇಕು. ಗೆರೆ ಸರಿ ಬಂದ ಮೇಲೆ ಪ್ಲೈವುಡ್‌ನಲ್ಲಿ ಎಂಟು ಕಾಲಿನ ಸಣ್ಣ ಮಾದರಿ ಮಾಡಿ, ಗುಜರಿಯಲ್ಲಿ ಸಿಗುವ ವೈಪರ್ ಮೋಟರ್ ಎರಡು ಸಾಕು. ಪೆನ್ಸಿಲ್ ಗೆರೆಯ ಫೋಟೋ ಇಲ್ಲಿ ಹಾಕಿ, ಪಟ್ಟಿಯ ಅಳತೆ ಎಲ್ಲಿ ತಿದ್ದಬೇಕು ಅಂತ ನೋಡಿ ಹೇಳುತ್ತೇನೆ.