ಮುಂದಿನ ಬ್ರೇಕಿಗೆ ಸಿ-ಕ್ಲಾಂಪ್ ಸಾಕು, ಹಿಂದಿನದಕ್ಕೆ ನೋಡಿಕೊಂಡು

ಮಲೆನಾಡಲ್ಲಿ ಮಳೆ ಬಿಟ್ಟ ತಕ್ಷಣ ಎಲ್ಲರಿಗೂ ಕಾರಿನ ನೆನಪಾಗುತ್ತದೆ. ಪ್ರತಿ ವರ್ಷ ಅವೇ ಪ್ರಶ್ನೆಗಳು. ಈ ಸಲ ಬರೆದೇ ಬಿಡುತ್ತೇನೆ.

ಮುಂದಿನ ಬ್ರೇಕ್ ಪ್ಯಾಡ್ ನಾನೇ ಬದಲಿಸಬೇಕು ಅಂತಿದ್ದೇನೆ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ ಒಳಗೆ ತಳ್ಳಲು ಸ್ಪೆಷಲ್ ಟೂಲ್ ಬೇಕಂತೆ. ಮರಗೆಲಸದ ಸಿ-ಕ್ಲಾಂಪ್ ಆಗಲ್ವಾ? (ತೀರ್ಥಹಳ್ಳಿ)

ಆಗುತ್ತದೆ. ಸ್ಪೆಷಲ್ ಟೂಲ್ ಅಂತ ಹೇಳಿದವರು ಅದನ್ನು ಮಾರುವವರೇ ಇರಬೇಕು. 6 ಇಂಚಿನ ಕ್ಲಾಂಪ್ ತನ್ನಿ. ಅಂಗಡಿಯಲ್ಲೇ ಒಂದು ಬೆರಳಿಗೆ ನೇತುಹಾಕಿ ಸ್ಪ್ಯಾನರಿನಿಂದ ತಟ್ಟಿ ನೋಡಿ. ಟಣ್ ಅಂದರೆ ತಗೊಳ್ಳಿ. ದಬ್ ಅಂದರೆ ಎರಕದ ಕಬ್ಬಿಣ, ಅಲ್ಲೇ ಬಿಟ್ಟು ಬನ್ನಿ. ಎರಕದ್ದು ಬಾಗುವುದಿಲ್ಲ, ಹೇಳದೆ ಕೇಳದೆ ತುಂಡಾಗುತ್ತದೆ. ಆಗ ನಿಮ್ಮ ಮುಖ ಅದರ ಪಕ್ಕದಲ್ಲೇ ಇರುತ್ತದೆ. ಸ್ಕ್ರೂ ತುದಿಯ ಬಿಲ್ಲೆ ಸಲೀಸಾಗಿ ತಿರುಗಬೇಕು, ಕಳಚಿ ಬರಬಾರದು.

ಹಳೆ ಪ್ಯಾಡ್ ಎಸೆಯಬೇಡಿ. ಅದನ್ನೇ ಪಿಸ್ಟನ್ ಬಾಯಿಗೆ ಅಡ್ಡ ಇಟ್ಟು ಅದರ ಮೇಲೆ ಸ್ಕ್ರೂ ಕೂರಿಸಿ. ಕ್ಲಾಂಪಿನ ಇನ್ನೊಂದು ದವಡೆಗೆ ಹಳೆ ಸೈಕಲ್ ಟ್ಯೂಬಿನ ತುಂಡು ಸುತ್ತಿದರೆ ಜಾರುವುದಿಲ್ಲ. ಕಾಲು ಸುತ್ತು ತಿರುಗಿಸಿ, ನಿಲ್ಲಿಸಿ, ಮತ್ತೆ ಕಾಲು ಸುತ್ತು. ಪಿಸ್ಟನ್ ಹಿಂದೆ ಸರಿದಷ್ಟೂ ಬಾನೆಟ್ ಒಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ. ಚೆಲ್ಲಿದರೆ ಪೇಂಟ್ ತಿನ್ನುತ್ತದೆ, ಕೂಡಲೇ ನೀರು ಸುರಿದು ತೊಳೆಯಿರಿ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೋದ ವರ್ಷ ಮುಚ್ಚಳ ತೆರೆದ ಬಾಟಲಿಯಲ್ಲಿ ಉಳಿದದ್ದನ್ನು ಹಾಕಬೇಡಿ, ಅದೂ ಆಗುಂಬೆ ಕಡೆಯವರು. ಬಿಚ್ಚಿದ ಕ್ಯಾಲಿಪರ್ (ಪಿಸ್ಟನ್, ಪ್ಯಾಡ್ ಹಿಡಿದಿರುವ ಭಾಗ) ಬ್ರೇಕ್ ಹೋಸ್ ಮೇಲೆ ನೇತಾಡದಂತೆ ಸಸ್ಪೆನ್ಷನ್ ಸ್ಪ್ರಿಂಗಿಗೆ ತಂತಿಯಲ್ಲಿ ಕಟ್ಟಿ.

ಹಿಂದಿನ ಚಕ್ರಕ್ಕೂ ಡಿಸ್ಕ್ ಇದ್ದರೆ ಮಾತು ಬೇರೆ. ಪಿಸ್ಟನ್ ಮುಖದಲ್ಲಿ ಕಚ್ಚುಗಳು ಕಂಡವೋ, ಕ್ಲಾಂಪ್ ಕೆಳಗಿಡಿ. ಹ್ಯಾಂಡ್‌ಬ್ರೇಕ್ ಅದರೊಳಗೇ ಇದೆ ಅಂತ ಅರ್ಥ. ಆ ಪಿಸ್ಟನ್ ತಿರುಗಿಸುತ್ತಾ ಒಳಗೆ ಕಳಿಸಬೇಕು. ಬರೀ ಒತ್ತಿದರೆ ಒಳಗಿನ ಸ್ಕ್ರೂ ಹಾಳಾಗಿ ಹೊಸ ಕ್ಯಾಲಿಪರ್ ಖರ್ಚು ಬೀಳುತ್ತದೆ. ಹ್ಯಾಂಡ್‌ಬ್ರೇಕ್ ಲಿವರ್ ಬದಲು ಸ್ವಿಚ್‌ನಲ್ಲಿದ್ದರೆ ಕೈಯೇ ಹಾಕಬೇಡಿ.

ಎಲ್ಲ ಮುಗಿದ ಮೇಲೆ, ಗಾಡಿ ಸ್ಟಾರ್ಟ್ ಮಾಡುವ ಮೊದಲು, ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ. ಒಮ್ಮೆ ನಾನು ಮರೆತಿದ್ದೆ. ಅಂಗಳದ ಹಲಸಿನ ಮರದಲ್ಲಿ ಬಂಪರಿನ ಗುರುತು ಇವತ್ತಿಗೂ ಇದೆ.

ಜಾಕಿ ಹಾಕಿ, ಕೆಳಗೆ ಎರಡು ಜಂಬಿಟ್ಟಿಗೆ ಕೊಟ್ಟರೆ ಸಾಲದಾ? (ಸಾಗರ)

ಸಾಲದು. ನೀರು ಕುಡಿದ ಜಂಬಿಟ್ಟಿಗೆ ಮನೆ ಗೋಡೆಗಿರಲಿ. ಕ್ಲಾಂಪಿನಲ್ಲಿ ಉಳಿಸಿದ ದುಡ್ಡನ್ನು ಜಾಕ್ ಸ್ಟ್ಯಾಂಡಿಗೆ ಹಾಕಿ.

ತುಕ್ಕು ಹಿಡಿದ ನಟ್ಟಿಗೆ ಕೊಬ್ಬರಿ ಎಣ್ಣೆ ಬಿಡಬಹುದಾ? (ಹೊಸನಗರ)

ಕೊಬ್ಬರಿ ಎಣ್ಣೆ ತಲೆಗೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿ ಬಿಡಿ. ಬೆಳಿಗ್ಗೆ ಆರು ಮೂಲೆಯ ಸಾಕೆಟ್ ಹಾಕಿ. ಹನ್ನೆರಡು ಮೂಲೆಯದು ಇಂಥ ನಟ್ಟಿನ ಮೂಲೆ ಸವೆಸಿ ಗುಂಡಗೆ ಮಾಡುತ್ತದೆ.

ಬ್ರೇಕ್ ಕೀರಲು ಸದ್ದು ಮಾಡುತ್ತದೆ. ಪ್ಯಾಡ್ ಡಿಸ್ಕಿಗೆ ಉಜ್ಜುವ ಕಡೆಗೆ ಗ್ರೀಸ್ ಸವರಿ ಅಂದರು. (ಶಿವಮೊಗ್ಗ)

ಅಂದವರ ಗಾಡಿಯಲ್ಲಿ ಕೂರಬೇಡಿ.